ನಿಂಬೆಹಣ್ಣಿಗೂ ಮೊದಲು ಪಾಲಿಸಿ

ಕೊಳ್ಳೇಗಾಲ ಸೀಮೆಯ ಮನೆಗೆ ಕಾರು ಬಂತೆಂದರೆ ಅದರ ಮೊದಲ ದೊಡ್ಡ ಓಡಾಟ ಎಲ್ಲಿಗೆ ಅಂತ ಕೇಳಬೇಕಾಗಿಲ್ಲ. ಹನೂರು, ಕೌದಳ್ಳಿ, ತಾಳಬೆಟ್ಟ ದಾಟಿ ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಸನ್ನಿಧಿಗೆ. ಯಳಂದೂರಿನ ಕಡೆಯವರಾದರೆ ಬಿಳಿಗಿರಿರಂಗನ ಬೆಟ್ಟಕ್ಕೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬಾನೆಟ್ ಮೇಲೆ ಹೂವು, ಗಾಜಿನ ಮೇಲೆ ವಿಭೂತಿ. ಇಷ್ಟೆಲ್ಲ ಮರೆಯದೆ ಮಾಡುವ ಹೊಸ ಡ್ರೈವರುಗಳನ್ನು ‘ಇನ್ಶೂರೆನ್ಸ್ ಯಾವುದಪ್ಪ?’ ಎಂದು ಕೇಳಿ ನೋಡಿ. ‘ಶೋರೂಮ್ನವ್ರೇ ಹಾಕವ್ರೆ, ಬುಡಣ್ಣ’ ಅನ್ನುತ್ತಾರೆ.

ಅವರು ಹಾಕಿದ್ದಾರೆ, ಸರಿ. ಏನು ಹಾಕಿದ್ದಾರೆ? ಬೆಂಗಳೂರಿನ ಫ್ಲೈಓವರ್ ಮೇಲೆ ಓಡುವ ಕಾರಿಗೂ, ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಆನೆ, ನಡುವೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು ಇರುವ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕಿನ ನಮ್ಮ ಕಾರಿಗೂ ಒಂದೇ ಪಾಲಿಸಿ ಹೊಂದುವುದಿಲ್ಲ. ಪ್ರೀಮಿಯಂ ನೋಡಿ ಪಾಲಿಸಿ ತಗೋಬೇಡಿ, ಓಡಿಸುವ ರಸ್ತೆ ನೋಡಿ ತಗೊಳ್ಳಿ. ಕೆಳಗಿನ ಸೂತ್ರಗಳೆಲ್ಲ ಹೊರಡುವುದು ಅಲ್ಲಿಂದಲೇ.

1. ಥರ್ಡ್ ಪಾರ್ಟಿ ಯಾರೆಂದು ಕಣ್ಣಾರೆ ನೋಡಿ

ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರ ಬಂದಾಗ ಕೊಳ್ಳೇಗಾಲದಿಂದ ಹನೂರಿನ ಕಡೆಗೆ ರಾತ್ರಿ ಒಂದು ಸಲ ಹೋಗಿ ಬನ್ನಿ. ರಸ್ತೆಯ ಅಂಚಿನಲ್ಲಿ ಸಾಲಾಗಿ ಮಾದಪ್ಪನ ಭಕ್ತರು, ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು, ಬಾಯಲ್ಲಿ ‘ಉಘೇ ಉಘೇ’. ಕಾಯಿದೆಯ ಭಾಷೆಯಲ್ಲಿ ಅವರೇ ಥರ್ಡ್ ಪಾರ್ಟಿ. ನಿಮ್ಮ ಗಾಡಿಯಿಂದ ಅವರಿಗೆ ಏನಾದರೂ ಆದರೆ ಪರಿಹಾರ ಕೊಡುವುದಕ್ಕೆಂದೇ 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಂ ಈ ವಿಮೆಯನ್ನು ಕಡ್ಡಾಯ ಮಾಡಿದೆ. ಸಾವು, ಗಾಯಕ್ಕೆ ಕಂಪನಿ ಕೊಡಬೇಕಾದ ಮೊತ್ತಕ್ಕೆ ಮೇಲ್ಮಿತಿ ಇಲ್ಲ, ನ್ಯಾಯಮಂಡಳಿ ಹೇಳಿದಷ್ಟು. ಬೇರೆಯವರ ಆಸ್ತಿಗೆ ಆದ ನಷ್ಟಕ್ಕೆ ಮಾತ್ರ ಖಾಸಗಿ ಕಾರಿನ ಪಾಲಿಸಿಯಲ್ಲಿ 7.5 ಲಕ್ಷ ರೂಪಾಯಿಯ ಮಿತಿ.

ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂ. ದಂಡ ಇಲ್ಲವೇ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಎರಡನೇ ಸಲ ದಂಡ 4,000. ದಂಡದ ವಿಷಯ ಬಿಡಿ. ವಿಮೆ ಇಲ್ಲದ ಗಾಡಿಯಿಂದ ಒಬ್ಬರ ಜೀವ ಹೋದರೆ ಪರಿಹಾರದ ಹಣ ಬರಬೇಕಾದದ್ದು ನಿಮ್ಮ ಅಪ್ಪನ ಅರಿಶಿನದ ಹೊಲದಿಂದ.

2. ಥರ್ಡ್ ಪಾರ್ಟಿಗೆ ಚೌಕಾಸಿ ಮಾಡಬೇಡಿ, ಚೌಕಾಸಿ ಇರುವುದು ಬೇರೆ ಕಡೆ

ಥರ್ಡ್ ಪಾರ್ಟಿ ದರವನ್ನು ಕಂಪನಿ ನಿರ್ಧರಿಸುವುದಿಲ್ಲ, ಸರ್ಕಾರ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂ., 1000ದಿಂದ 1500 ಸಿಸಿಯವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897. ಎಲೆಕ್ಟ್ರಿಕ್ ಕಾರಿಗೆ ನೂರಕ್ಕೆ 15 ರಿಯಾಯಿತಿ. ಬೆಲೆ ವಿಚಾರಿಸುವ ದಿನ ಚಾಲ್ತಿಯಲ್ಲಿರುವ ಪಟ್ಟಿ ಯಾವುದೆಂದು ನೋಡಿಕೊಳ್ಳಿ.

ಅಂದರೆ ಆಲ್ಟೋ ಕೆ10 ಮೊದಲ ಸಾಲಿಗೆ, ಸ್ವಿಫ್ಟು, ಈಗಿನ ಬೊಲೆರೊ ಎರಡನೆಯದಕ್ಕೆ, ಸ್ಕಾರ್ಪಿಯೋ ಮೂರನೆಯದಕ್ಕೆ. ಹೊಸ ಕಾರಾದರೆ ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಬೇಕು. ಮೊದಲ ಬಿಲ್ಲು ದೊಡ್ಡದಾಗಿ ಕಾಣಲು ಇದೂ ಒಂದು ಕಾರಣ.

ಇನ್ನೊಂದು ಮಾತು. ಇಂಗ್ಲೆಂಡು, ಅಮೆರಿಕದಲ್ಲಿ ಹದಿನೆಂಟರ ಡ್ರೈವರ್ ಅಂದರೆ ವಿಮೆಯವರು ಹುಬ್ಬೇರಿಸಿ ಭಾರೀ ಪ್ರೀಮಿಯಂ ಕೇಳುತ್ತಾರೆ. ನಮ್ಮ ಥರ್ಡ್ ಪಾರ್ಟಿ ಪಟ್ಟಿಗೆ ನಿಮ್ಮ ವಯಸ್ಸು ಬೇಕಿಲ್ಲ, ಎಂಜಿನ್ನಿನ ಸಿಸಿ ಸಾಕು. ಹಾಗಾಗಿ ‘ಹೊಸ ಡ್ರೈವರ್, ಥರ್ಡ್ ಪಾರ್ಟಿ ಜಾಸ್ತಿ ಆಗ್ತದೆ’ ಎಂದು ಯಾರಾದರೂ ಹೇಳಿದರೆ ನಕ್ಕು ಮುಂದಿನ ಅಂಗಡಿಗೆ ಹೋಗಿ.

ಚೌಕಾಸಿ ಮಾಡಬೇಕಾದದ್ದು ನಿಮ್ಮ ಸ್ವಂತ ಕಾರಿನ ನಷ್ಟ ಕಟ್ಟಿಕೊಡುವ ಭಾಗಕ್ಕೆ, ಅಂದರೆ ಓನ್ ಡ್ಯಾಮೇಜ್‌ಗೆ. ಅದರ ದರ ಕಂಪನಿಗೊಂದು. ಶೋರೂಮಿನ ಕೊಟೇಶನ್ ಇಟ್ಟುಕೊಂಡು ಇನ್ನೂ ಎರಡು ಕಡೆ ಕೇಳಿ. ಕೇಳುವಾಗ ಶೇ. 18ರ ಜಿಎಸ್‌ಟಿ ಸೇರಿಸಿ ಹೇಳಿ ಅನ್ನಿ. ಇಲ್ಲದಿದ್ದರೆ ಫೋನಿನಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು. ಹಳೇ ಟಾರಿಫ್ ಲೆಕ್ಕದಲ್ಲಿ ಬೆಂಗಳೂರು ‘ಎ’ ವಲಯ, ನಮ್ಮ ಚಾಮರಾಜನಗರದ ಕೆಎ 10 ‘ಬಿ’ ವಲಯ. ‘ಬಿ’ಗೆ ದರ ಸ್ವಲ್ಪ ಕಡಿಮೆ. ನೋಂದಣಿ ಎಲ್ಲಿ ಎಂಬುದನ್ನು ಏಜೆಂಟು ಸರಿಯಾಗಿ ತುಂಬಿದ್ದಾನೆಯೇ ನೋಡಿ.

3. ಬೆಟ್ಟಕ್ಕೆ ಮನೆಮಂದಿಯನ್ನು ಕರೆದೊಯ್ಯುವವರು ಬರೀ ಥರ್ಡ್ ಪಾರ್ಟಿಯಲ್ಲಿ ಹೊರಡಬೇಡಿ

ಇದು ಬಹಳ ಜನರಿಗೆ ಗೊತ್ತಿಲ್ಲದ ಗುಂಡಿ. ಅಜ್ಜಿ, ಅತ್ತೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹೊರಟಿದ್ದೀರಿ, ತಾಳಬೆಟ್ಟದ ಮೇಲಿನ ತಿರುವಿನಲ್ಲಿ ಕಾರು ತಡೆಗೋಡೆಗೆ ಹೊಡೆಯಿತು. ಒಳಗೆ ಕೂತವರೂ ‘ಥರ್ಡ್ ಪಾರ್ಟಿ’ ಅಲ್ಲವೇ, ವಿಮೆ ಬರುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಕಾಯಿದೆಗಷ್ಟೇ ಮಾಡಿಸಿದ ಪಾಲಿಸಿಯಲ್ಲಿ ಖಾಸಗಿ ವಾಹನದ ಒಳಗೆ ಪುಕ್ಕಟೆ ಕೂತವರಿಗೆ ರಕ್ಷಣೆ ಇಲ್ಲ ಎಂದೇ ಸುಪ್ರೀಂ ಕೋರ್ಟಿನ ತೀರ್ಪುಗಳು ಹೇಳುತ್ತವೆ. ಸ್ಕೂಟರಿನ ಹಿಂಬದಿ ಸವಾರರ ವಿಷಯದಲ್ಲಿ 2006ರಲ್ಲೇ ಹಾಗೆ ಹೇಳಿತು. ಕಾಂಪ್ರಹೆನ್ಸಿವ್ ಅಥವಾ ಪ್ಯಾಕೇಜ್ ಪಾಲಿಸಿ ಆದರೆ ಒಳಗೆ ಕೂತವರೂ ಸೇರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರ್ 16ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ.

ಗಾಡಿ ಹಳೆಯದು, ಬೆಲೆ ಲಕ್ಷ ರೂಪಾಯಿ ಇಲ್ಲ, ಅದಕ್ಕೆ ಯಾಕೆ ಫುಲ್ ಇನ್ಶೂರೆನ್ಸ್ ಎಂದು ಹಿರಿಯರು ಕೇಳುತ್ತಾರೆ. ಗಾಡಿಗಲ್ಲ ಮಾವ, ಒಳಗೆ ಕೂತ ನಿಮಗೆ ಅನ್ನಿ.

4. ಆರ್‌ಸಿ ಅಪ್ಪನದು, ಸ್ಟೀರಿಂಗ್ ಮಗಳದು: ಅಪಘಾತ ಆದರೆ ಯಾರಿಗೆ?

ಕಾರು ಅಪ್ಪನ ಹೆಸರಲ್ಲಿದ್ದು, ಡಿಎಲ್ ಇರುವ ಮಗಳು ಅವರ ಒಪ್ಪಿಗೆಯಿಂದ ಓಡಿಸಿದರೆ ಪಾಲಿಸಿಗೆ ತಕರಾರಿಲ್ಲ. ತಕರಾರಿರುವುದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯಲ್ಲಿ. ಪಾಲಿಸಿಯಲ್ಲಿ ‘ಓನರ್ ಡ್ರೈವರ್ ಪಿಎ’ ಎಂದು ಬರೆದಿರುತ್ತದಲ್ಲ, ಅದು ನೋಂದಾಯಿತ ಮಾಲೀಕರಿಗೆ ಮಾತ್ರ. ಮಗಳಿಗೆ ಏನಾದರೂ ಆದರೆ ಆ 15 ಲಕ್ಷದಲ್ಲಿ ಒಂದು ರೂಪಾಯಿ ಬರುವುದಿಲ್ಲ.

ಹಾಗಾಗಿ ಓಡಿಸುವವರು ಪ್ರತ್ಯೇಕವಾಗಿ ಒಂದು ಅಪಘಾತ ವಿಮೆ ಮಾಡಿಸಿ. ಅದು ಯಾವ ಗಾಡಿಯಲ್ಲಿದ್ದರೂ, ಬೈಕಿನ ಮೇಲಿದ್ದರೂ ಜೊತೆಗೆ ಬರುತ್ತದೆ. ಮಾಲೀಕರ ಹೆಸರಲ್ಲಿ ಆಗಲೇ 15 ಲಕ್ಷದ ಅಪಘಾತ ವಿಮೆ ಇದ್ದರೆ, ಅಥವಾ ಬೇರೆ ಗಾಡಿಯ ಪಾಲಿಸಿಯಲ್ಲಿ ಇದ್ದರೆ, ಈ ಕಾರಿಗೆ ಮತ್ತೆ ಕಟ್ಟಬೇಕಾಗಿಲ್ಲ. 2019ರ ಜನವರಿಯಿಂದ ಈ ಅನುಕೂಲ ಇದೆ. ಸ್ಪ್ಲೆಂಡರ್ ಪಾಲಿಸಿಯಲ್ಲೂ ಕಟ್ಟಿ, ಕಾರಿನಲ್ಲೂ ಕಟ್ಟಿ, ಎರಡೆರಡು ಸಲ ದುಡ್ಡು ಸುರಿಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

5. ಸೆಕೆಂಡ್ ಹ್ಯಾಂಡ್ ಕಾರಾದರೆ 14 ದಿನದ ಲೆಕ್ಕ ಇಟ್ಟುಕೊಳ್ಳಿ

ನಮ್ಮ ಕಡೆ ಹೊಸ ಡ್ರೈವರಿನ ಮೊದಲ ಕಾರು ಹೊಸದಾಗಿರುವುದು ಅಪರೂಪ. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಒಂದು ಹಳೇ ಸ್ವಿಫ್ಟು, ವ್ಯಾಗನ್ ಆರ್, ಓಮ್ನಿ ಬರುತ್ತದೆ. ಬ್ರೋಕರು ‘ಇನ್ಶೂರೆನ್ಸ್ ಇನ್ನೂ ಎಂಟು ತಿಂಗ್ಳು ಐತೆ’ ಎಂದು ಹೆಮ್ಮೆಯಿಂದ ಹೇಳುತ್ತಾನೆ. ಐತೆ, ಯಾರ ಹೆಸರಲ್ಲಿ?

ನನ್ನ ತಂಗಿಯ ಮಗ ಹೀಗೇ ಒಂದು ಕಾರು ತಂದ. ಹುಡುಗ ಚುರುಕು. ಫಾರಂ 29, 30 ಎಲ್ಲ ತುಂಬಿ ಆರ್‌ಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಪಾಲಿಸಿ ಹಾಗೇ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಹಳೇ ಮಾಲೀಕರ ಹೆಸರಲ್ಲಿ ಮಲಗಿತ್ತು. ನಾಲ್ಕನೇ ತಿಂಗಳು ಒಂದು ಸಂಜೆ ಮೋರಿಯ ಕಟ್ಟೆಗೆ ಹೊಡೆದು ಮುಂಭಾಗ ಹೋಯಿತು. ಕಂಪನಿ ಹೇಳಿದ್ದು ಒಂದೇ ಮಾತು: ಪಾಲಿಸಿ ಇದ್ದವರಿಗೆ ಕಾರಿಲ್ಲ, ಕಾರು ಇದ್ದವರಿಗೆ ಪಾಲಿಸಿ ಇಲ್ಲ. ಸಿಟ್ಟು ಬಂತು. ಆದರೆ ತಪ್ಪು ಅವನದೇ.

ಕಾಯಿದೆಯ ನಡೆ ಹೀಗಿದೆ. ಗಾಡಿ ಕೈ ಬದಲಾದಾಗ ಥರ್ಡ್ ಪಾರ್ಟಿ ಭಾಗ 157ನೇ ಕಲಮಿನಂತೆ ತಾನಾಗೇ ಹೊಸ ಮಾಲೀಕರಿಗೆ ಹೋಗುತ್ತದೆ. ಸ್ವಂತ ಕಾರಿನ ನಷ್ಟದ ಭಾಗ ಹಾಗೆ ಹೋಗುವುದಿಲ್ಲ, ನೀವು ಕೇಳಬೇಕು, ಕಂಪನಿ ಒಪ್ಪಿ ಹೆಸರು ಬದಲಾಯಿಸಬೇಕು. ವರ್ಗಾವಣೆಯಾದ 14 ದಿನದೊಳಗೆ ಅರ್ಜಿ ಕೊಡಬೇಕು. ಹಳೇ ಮಾಲೀಕರು ಕ್ಲೇಮು ಮಾಡದೆ ಗಳಿಸಿದ್ದ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಅವರ ಜೊತೆ ಹೋಗುತ್ತದೆ, ಉಳಿದ ಅವಧಿಗೆ ಆ ವ್ಯತ್ಯಾಸದ ಹಣ ನೀವು ಕಟ್ಟಬೇಕಾಗುತ್ತದೆ. ಗಾಡಿಯ ರೇಟು ಮಾತಾಡುವಾಗಲೇ ಇದನ್ನೂ ಸೇರಿಸಿ ಮಾತಾಡಿ.

ಮನೆಯ ಹಳೇ ಕಾರು ಮಾರಿ ಹೊಸದು ಕೊಳ್ಳುವವರಿಗೂ ಒಂದು ಎಚ್ಚರಿಕೆ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಾರು ಕೊಟ್ಟು ದುಡ್ಡು ಎಣಿಸಿಕೊಂಡರೆ ಸಾಲದು. ಕೊಂಡವನು ಹೆಸರು ಬದಲಾಯಿಸದೆ ಯಾರಿಗಾದರೂ ಗುದ್ದಿದರೆ ನೋಟೀಸು ನಿಮ್ಮ ಮನೆಗೇ ಬರುತ್ತದೆ.

6. ಐಡಿವಿ ಕಡಿಮೆ ಮಾಡಿ ಪ್ರೀಮಿಯಂ ಉಳಿಸಬೇಡಿ

ಐಡಿವಿ ಅಂದರೆ ಕಾರು ಪೂರ್ತಿ ಹೋದರೆ ಅಥವಾ ಕಳುವಾದರೆ ಕಂಪನಿ ಕೊಡುವ ಬೆಲೆ. ಒಂದರಿಂದ ಎರಡು ವರ್ಷದ ಕಾರಿಗೆ ಶೇ. 20 ಸವಕಳಿ, ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50. ಐದು ದಾಟಿದರೆ ಇಬ್ಬರೂ ಕೂತು ಒಪ್ಪಿಕೊಂಡ ಬೆಲೆ. ಮೊಬೈಲಿನಲ್ಲಿ ಬೆಲೆ ಹೋಲಿಸುವಾಗ ಅತಿ ಅಗ್ಗದ ಪಾಲಿಸಿ ಕಂಡರೆ ಮೊದಲು ಐಡಿವಿ ನೋಡಿ. ಸಾಮಾನ್ಯವಾಗಿ ಗುಟ್ಟು ಅಲ್ಲೇ ಇರುತ್ತದೆ.

7. ಮೊದಲ ಮೂರು ವರ್ಷ ಬಂಪರ್ ಟು ಬಂಪರ್

ಏಜೆಂಟರ ಬಾಯಲ್ಲಿ ಬಂಪರ್ ಟು ಬಂಪರ್, ಕಾಗದದಲ್ಲಿ ಜೀರೋ ಡೆಪ್ರಿಸಿಯೇಶನ್. ಇದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಅರ್ಧ ಹಣ ಕಡಿತ, ಫೈಬರಿಗೆ ಶೇ. 30, ಗಾಜಿಗೆ ಕಡಿತವಿಲ್ಲ, ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ. ಈಗಿನ ಕಾರುಗಳ ಮೂತಿಯೆಲ್ಲ ಪ್ಲಾಸ್ಟಿಕ್ಕೇ. ಹೊಸ ಡ್ರೈವರ್ ಮೊದಲು ಉಜ್ಜುವುದೂ ಮೂತಿಯನ್ನೇ. ಸಂತೆ ದಿನ ಕೊಳ್ಳೇಗಾಲದ ಗಲ್ಲಿಯಲ್ಲಿ ರಿವರ್ಸ್ ತೆಗೆದು ನೋಡಿ, ಈ ಸಾಲು ಬೇಗ ಅರ್ಥವಾಗುತ್ತದೆ.

ಪ್ರೀಮಿಯಂ ಇಳಿಸಲು ‘ವಾಲಂಟರಿ ಡಿಡಕ್ಟಿಬಲ್’ ಎಂಬ ಆಸೆ ತೋರಿಸುತ್ತಾರೆ, ಅಂದರೆ ಕ್ಲೇಮಿನಲ್ಲಿ ಇಂತಿಷ್ಟು ನಾನೇ ಹಾಕುತ್ತೇನೆ ಎಂಬ ಒಪ್ಪಂದ. ಕಡ್ಡಾಯವಾಗಿ ಕೈಯಿಂದ ಹಾಕುವ ಪಾಲು ಹೇಗೂ ಇದೆ: 1500 ಸಿಸಿವರೆಗೆ 1,000 ರೂ., ಅದಕ್ಕೆ ಮೇಲ್ಪಟ್ಟರೆ 2,000. ಅದರ ಮೇಲೆ ಇನ್ನೊಂದು ಹೊರೆ ಹೊಸಬರಿಗೆ ಬೇಡ. ಹತ್ತು ವರ್ಷ ಓಡಿಸಿ ಕೈ ಕುದುರಿದ ಮೇಲೆ ನೋಡೋಣ.

8. ಹೊಳೆ ಪಕ್ಕದವರು ಎಂಜಿನ್ ಪ್ರೊಟೆಕ್ಟ್ ಬಿಡಬೇಡಿ

ಕೆಆರ್‌ಎಸ್ ಮತ್ತು ಕಬಿನಿ ಎರಡೂ ತುಂಬಿ ನೀರು ಬಿಟ್ಟರೆ ದಾಸನಪುರ, ಮುಳ್ಳೂರು, ಹಂಪಾಪುರದ ಕಡೆ ಏನಾಗುತ್ತದೆ ಎಂದು ಕೊಳ್ಳೇಗಾಲದವರಿಗೆ ಹೇಳಬೇಕಾಗಿಲ್ಲ. 2018ರ ಆಗಸ್ಟಿನ ನೆರೆ ಶಿವನಸಮುದ್ರದ ಹಳೇ ವೆಸ್ಲಿ ಸೇತುವೆಯನ್ನೇ ಮುರಿಯಿತು. ಮುಂದಿನ ವರ್ಷವೂ ಹೊಳೆ ಊರೊಳಗೆ ಬಂತು. ಯಳಂದೂರಿನವರಿಗೆ ಸುವರ್ಣಾವತಿ ಇದೆ. ಎಷ್ಟೋ ತಿಂಗಳು ಒಣಗಿ ಬಿದ್ದಿರುತ್ತದೆ, ಬಂದಾಗ ಮಾತ್ರ ಹೇಳದೆ ಬರುತ್ತದೆ.

ನೆರೆಯಿಂದ ಕಾರಿಗೆ ಆದ ನಷ್ಟ ಮಾಮೂಲಿ ಫುಲ್ ಪಾಲಿಸಿಯಲ್ಲೇ ಸೇರಿರುತ್ತದೆ. ಸೇರದಿರುವುದು ಒಂದು: ನೀರು ನುಗ್ಗಿದ ಎಂಜಿನ್ನನ್ನು ನೀವು ಕೀ ತಿರುಗಿಸಿ ಸ್ಟಾರ್ಟ್ ಮಾಡಿದರೆ ಒಳಗೆ ಪಿಸ್ಟನ್ ರಾಡು ಬಾಗುತ್ತದೆ. ಅದು ನೆರೆಯ ನಷ್ಟವಲ್ಲ, ನೀವು ಆಮೇಲೆ ಮಾಡಿಕೊಂಡದ್ದು ಎಂದು ಕಂಪನಿ ಕೈ ತೊಳೆಯುತ್ತದೆ. ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇರುವುದು ಇದಕ್ಕೇ. ಅದು ಇರಲಿ ಬಿಡಲಿ, ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ. ಬ್ಯಾಟರಿ ತಂತಿ ಬಿಚ್ಚಿ, ತಳ್ಳಿ ದಡಕ್ಕೆ ತಂದು, ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಹನೂರಿನ ಒಣ ಬೀಡಿನಲ್ಲಿ ಇರುವವರು ಈ ದುಡ್ಡನ್ನು ಉಳಿಸಿ ಮುಂದಿನದಕ್ಕೆ ಹಾಕಿ.

9. ಆನೆಗೆ ಥರ್ಡ್ ಪಾರ್ಟಿ ಪಾಲಿಸಿ ಇಲ್ಲ

ಎದುರಿನ ಕಾರು ಬಂದು ಗುದ್ದಿದರೆ ಅದರ ವಿಮೆಯಿಂದ ಪರಿಹಾರ ಕೇಳಬಹುದು. ಕಾಡುಹಂದಿ, ಕಡವೆ, ಆನೆ ಗುದ್ದಿದರೆ ಯಾರನ್ನು ಕೇಳುವುದು? ಮಲೆ ಮಹದೇಶ್ವರ ವನ್ಯಧಾಮ, ಕಾವೇರಿ ವನ್ಯಧಾಮ, ಬಿಆರ್‌ಟಿ (ಬಿಳಿಗಿರಿರಂಗನ ಬೆಟ್ಟ) ಹುಲಿ ಸಂರಕ್ಷಿತ ಪ್ರದೇಶ ಈ ಮೂರೂ ನಮ್ಮ ರಸ್ತೆಗಳಿಗೆ ಅಂಟಿಕೊಂಡಿವೆ. ಗಡಿಯಾಚೆ ತಮಿಳುನಾಡಿನ ಆಸನೂರಿನ ಬಳಿ ಆನೆಗಳು ಕಬ್ಬಿನ ಲಾರಿ ನಿಲ್ಲಿಸಿ ಸುಂಕ ವಸೂಲಿ ಮಾಡುವ ವಿಡಿಯೋ ನೋಡದವರಿಲ್ಲ. ಪ್ರಾಣಿ ಡಿಕ್ಕಿಯಿಂದ ಆದ ನಷ್ಟಕ್ಕೆ ದಾರಿ ಒಂದೇ, ನಿಮ್ಮ ಸ್ವಂತ ಓನ್ ಡ್ಯಾಮೇಜ್ ಭಾಗ. ಲೊಕ್ಕನಹಳ್ಳಿ, ಒಡೆಯರಪಾಳ್ಯ, ಬಿಳಿಗಿರಿರಂಗನ ಬೆಟ್ಟದ ಕಡೆ ದಿನವೂ ಓಡಾಡುವವರಿಗೆ ಇದು ಕಾಯಿದೆಗೆ ಬೇಡದಿದ್ದರೂ ಬಾಳುವೆಗೆ ಬೇಕು.

ಹಾಗೇನಾದರೂ ಆದರೆ ಫೋಟೋ ತೆಗೆಯಲು ಇಳಿಯಬೇಡಿ. ಮೊದಲು ದೂರ ಹೋಗಿ, ಆಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ತಿಳಿಸಿ. ಪ್ರಾಣಿಗೆ ಪೆಟ್ಟಾಗಿದ್ದರಂತೂ ತಿಳಿಸಲೇಬೇಕು. ಅವರು ಬರೆದುಕೊಟ್ಟ ಒಂದು ಚೀಟಿ ಇದ್ದರೆ ವಿಮಾ ಕಂಪನಿಯ ಸರ್ವೇಯರ್ ಮುಂದೆ ಮಾತು ಸುಲಭ.

10. ಕಬ್ಬಿನ ಗಾಡಿ

ಕುಂತೂರಿನ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ರಾತ್ರಿ ರಸ್ತೆಯಲ್ಲಿ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರು ಹೋಗುತ್ತಿರುತ್ತದೆ, ಹಿಂದೆ ಒಂದು ರಿಫ್ಲೆಕ್ಟರ್ ಕೂಡ ಇರುವುದಿಲ್ಲ. ಅದರ ಬೆನ್ನಿಗೆ ಹೊಡೆದರೆ ತಪ್ಪು ಯಾರದೆಂಬ ವಾದ ವರ್ಷಗಟ್ಟಲೆ ನಡೆಯುತ್ತದೆ. ನಿಮ್ಮ ಕಾರು ಅಷ್ಟು ದಿನ ಗ್ಯಾರೇಜಿನಲ್ಲಿ ಕಾಯಬಾರದೆಂದರೆ ಮತ್ತೆ ಅದೇ ಓನ್ ಡ್ಯಾಮೇಜ್.

11. ವೈಟ್ ಬೋರ್ಡಿನಲ್ಲಿ ಬಾಡಿಗೆ ಹೊಡೆಯಬೇಡಿ

ಅಮಾವಾಸ್ಯೆ ಬಂತು, ಬೀದಿಯ ನಾಲ್ವರು ಬೆಟ್ಟಕ್ಕೆ ಹೊರಟಿದ್ದಾರೆ, ‘ಡೀಸಲ್ಗೆ ಎರಡು ಸಾವಿರ ಕೊಡ್ತೀವಿ ಬಾರ್ಲಾ’ ಅಂದರು. ಹೊಸ ಡ್ರೈವರ್ ಕುಣಿದಾಡಿಕೊಂಡು ಹೊರಟ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಳಸಬಾರದು ಎಂಬ ಷರತ್ತು ಮೊದಲ ಪುಟದಲ್ಲೇ ಇರುತ್ತದೆ. ಅದೇ ಸಾಲಿನಲ್ಲಿ ಇನ್ನೊಂದು ಷರತ್ತಿದೆ: ಸ್ವಂತ ಲಗೇಜು ಬಿಟ್ಟು ಸರಕು ಸಾಗಿಸಬಾರದು. ರಾಮನಗರದ ಮಾರುಕಟ್ಟೆಗೆ ಓಮ್ನಿಯ ಹಿಂದಿನ ಸೀಟು ಕಿತ್ತು ರೇಷ್ಮೆಗೂಡು ತುಂಬಿಕೊಂಡು ಹೋಗುವ ನಮ್ಮ ರೈತರ ಮಕ್ಕಳು ಈ ಸಾಲನ್ನು ಎರಡು ಸಲ ಓದಲಿ. ಬಾಡಿಗೆಯ ಯೋಚನೆ ಇದ್ದರೆ ಮೊದಲೇ ಯೆಲ್ಲೋ ಬೋರ್ಡು, ಅದಕ್ಕೆ ತಕ್ಕ ಪಾಲಿಸಿ.

ಸ್ವಂತ ಓಡಾಟಕ್ಕೆ ತಮಿಳುನಾಡಿನ ಮೆಟ್ಟೂರು, ಸತ್ಯಮಂಗಲಕ್ಕೆ ಹೋಗುವವರು ಗಾಬರಿಯಾಗಬೇಡಿ. ಪಾಲಾರ್ ದಾಟಿದರೂ, ದಿಂಬಂ ಇಳಿದರೂ ಅದೇ ಪಾಲಿಸಿ. ಭಾರತದ ಒಳಗೆ ಎಲ್ಲ ಕಡೆ ನಡೆಯುತ್ತದೆ.

12. ಎಲ್‌ಎಲ್ ಇದ್ದವರ ಪಕ್ಕ ಡಿಎಲ್ ಇದ್ದವರು ಕೂತಿರಲಿ

ಎಲ್‌ಎಲ್ ಅಂದರೆ ಕಲಿಕಾ ಲೈಸೆನ್ಸ್ ಮೇಲೆ ಕಲಿಯುವಾಗಲೂ ಪಾಲಿಸಿ ನಡೆಯುತ್ತದೆ, ಆದರೆ ‘ಎಲ್’ ಬೋರ್ಡು ಇರಬೇಕು, ಪಕ್ಕದಲ್ಲಿ ಡಿಎಲ್ ಇದ್ದು ಕಲಿಸುವವರು ಇರಬೇಕು. ಒಬ್ಬರೇ ಹೋದರೆ ಕ್ಲೇಮು ಇಲ್ಲ. ಲೈಸೆನ್ಸ್ ಇಲ್ಲದ ಗೆಳೆಯನಿಗೆ ಕೀ ಕೊಟ್ಟರೆ ಗಾಯಗೊಂಡವರಿಗೆ ಕಂಪನಿಯಿಂದ ಹಣ ಕೊಡಿಸಿ, ಅದನ್ನು ನಿಮ್ಮಿಂದ ವಸೂಲು ಮಾಡಲು ನ್ಯಾಯಮಂಡಳಿ ಹೇಳಬಹುದು. ಹದಿನೆಂಟು ತುಂಬದ ತಮ್ಮನಿಗೆ ಕೊಟ್ಟರೆ ಮನೆಯ ಹಿರಿಯರಿಗೆ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ, ಒಂದು ವರ್ಷ ಗಾಡಿಯ ನೋಂದಣಿ ರದ್ದು. ಕುಡಿದು ಓಡಿಸಿದ ಕಾರಿಗೆ ಬಂಪರ್ ಟು ಬಂಪರ್ ಕೂಡ ಬಂಪರ್ ಕೊಡುವುದಿಲ್ಲ.

13. ಚಿಕ್ಕ ಗೀರಿಗೆ ಕ್ಲೇಮು ಹಾಕುವ ಮುನ್ನ ಕೂಡಿ ಕಳೆಯಿರಿ

ಕ್ಲೇಮು ಮಾಡದ ಮೊದಲ ವರ್ಷಕ್ಕೆ ಶೇ. 20 ಬೋನಸ್, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಇದು ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ. ಒಂದು ಕ್ಲೇಮು ಹಾಕಿದರೆ ಮತ್ತೆ ಸೊನ್ನೆ.

ಲೆಕ್ಕ ಹೀಗೆ ಹಾಕಿ. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 8,000 ರೂ. ಎಂದಿಟ್ಟುಕೊಳ್ಳಿ. ಮೂರು ವರ್ಷ ಕ್ಲೇಮು ಮಾಡಿಲ್ಲ, ಈ ವರ್ಷವೂ ಸುಮ್ಮನಿದ್ದರೆ ಮುಂದಿನ ಸಲ ಶೇ. 45, ಅಂದರೆ 3,600 ಉಳಿತಾಯ. ಈಗ 4,000 ರೂಪಾಯಿಯ ಬಂಪರ್ ಒಡೆಯಿತು. ಬಂಪರ್ ಟು ಬಂಪರ್ ಇಲ್ಲದಿದ್ದರೆ ಪ್ಲಾಸ್ಟಿಕ್ಕಿಗೆ ಅರ್ಧ ಹೋಗಿ 2,000, ಕಡ್ಡಾಯ ಪಾಲು 1,000 ಕಳೆದು ಕೈಗೆ ಬರುವುದು 1,000. ಅದಕ್ಕೋಸ್ಕರ 3,600 ಕಳೆದುಕೊಂಡಿರಿ. ಇಂಥ ವ್ಯಾಪಾರ ಸಂತೆಯಲ್ಲಿ ಯಾರೂ ಮಾಡುವುದಿಲ್ಲ.

ಬೋನಸ್ ಮನುಷ್ಯನದು, ಕಾರಿನದಲ್ಲ. ಕಾರು ಮಾರಿದರೆ ಬೋನಸ್ ಸರ್ಟಿಫಿಕೇಟು ಕೇಳಿ ಪಡೆದು ಹೊಸ ಕಾರಿಗೆ ಹಾಕಿಸಿ. ಅಪ್ಪ ಬದುಕಿರುವಾಗ ಅವರ ಬೋನಸ್ ಮಗನಿಗೆ ಬರುವುದಿಲ್ಲ.

14. ಕ್ಯಾಶ್‌ಲೆಸ್ ಗ್ಯಾರೇಜು ಎಲ್ಲಿದೆ ಎಂದು ಕೇಳಿ

ಕಂಪನಿಯ ಜಾಹೀರಾತಿನಲ್ಲಿ ರಿಪೇರಿ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಇಂಥ ಸಾವಿರಾರು ಗ್ಯಾರೇಜುಗಳಿರುತ್ತವೆ. ನಿಮಗೆ ಬೇಕಾದ ಉತ್ತರ ಬೇರೆ: ನಮ್ಮ ಕಾರಿಗೆ ಕೊಳ್ಳೇಗಾಲದಲ್ಲಿ ಇದೆಯೇ, ಚಾಮರಾಜನಗರದಲ್ಲಿ ಇದೆಯೇ, ಇಲ್ಲವಾದರೆ ಮೈಸೂರಿಗೇ ಹೋಗಬೇಕೇ? ಮಾದಪ್ಪನ ಬೆಟ್ಟದಿಂದ ಕೊಳ್ಳೇಗಾಲಕ್ಕೇ ಸುಮಾರು 80 ಕಿಲೋಮೀಟರು, ಅಲ್ಲಿಂದ ಮೈಸೂರಿಗೆ ಇನ್ನೂ 60ಕ್ಕೂ ಹೆಚ್ಚು. ರೋಡ್‌ಸೈಡ್ ಅಸಿಸ್ಟೆನ್ಸ್ ತಗೊಳ್ಳುವಾಗ ಟೋಯಿಂಗ್ ಎಷ್ಟು ಕಿಲೋಮೀಟರಿನವರೆಗೆ ಪುಕ್ಕಟೆ ಎಂದು ಕೇಳಿ ಬರೆಸಿಕೊಳ್ಳಿ. ಊರಾಚೆ ಒಂದಿಷ್ಟು ದೂರ ಎಳೆದು ‘ಲಿಮಿಟ್ ಮುಗೀತು’ ಅಂದರೆ ಉಳಿದ ದಾರಿಗೆ ನಿಮ್ಮ ಜೇಬು.

ಗ್ಯಾರೇಜಿನ ಮಾತು ಬಂದಾಗ ಇನ್ನೊಂದು: ಹೊರಗಡೆ ಹಾಕಿಸಿದ ಗ್ಯಾಸ್ ಕಿಟ್ಟನ್ನು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಬರೆಸಿ. ಮ್ಯೂಸಿಕ್ ಸಿಸ್ಟಮ್, ಅಲಾಯ್ ಚಕ್ರವನ್ನೂ ಪಾಲಿಸಿಯಲ್ಲಿ ಬರೆಸಿ.

15. ಅಪಘಾತದ ದಿನ ಬುದ್ಧಿ ಓಡುವುದಿಲ್ಲ, ಈಗಲೇ ಓದಿಕೊಳ್ಳಿ

ಮೊದಲು ಜನ, ಆಮೇಲೆ ಗಾಡಿ. 112ಕ್ಕೆ ಫೋನ್ ಮಾಡಿ. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸರಿಗೆ ತಿಳಿಸದೆ ‘ಇಲ್ಲೇ ಮಾತಾಡಿ ಮುಗಿಸೋಣ’ ಎಂಬ ರಾಜಿಗೆ ಕೂರಬೇಡಿ. ಬರೆದುಕೊಟ್ಟ ರಾಜಿ ಕಾಗದವೇ ಮುಂದೆ ಕುತ್ತಿಗೆಗೆ ಬರುತ್ತದೆ. ಗಾಡಿ ಕದಲಿಸುವ ಮುನ್ನ ನಾಲ್ಕು ಕಡೆಯಿಂದ ಫೋಟೋ, ಎದುರಿನ ಗಾಡಿಯ ನಂಬರು. ಅವತ್ತೇ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ತಗೊಳ್ಳಿ. ಸರ್ವೇಯರ್ ನೋಡುವ ಮೊದಲು ಪರಿಚಯದ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಬೇಡಿ. ಕಳುವಾದರೆ ಮೊದಲು ಎಫ್‌ಐಆರ್, ತಡ ಬೇಡ.

16. ಇಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ

ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಕಾಗದದ ಮೇಲೆ ಕೊಡಲಿ. ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವಿವಾದ ಕೇಳುತ್ತಾರೆ. ವಿಮಾ ಪ್ರಾಧಿಕಾರದ ಸಹಾಯವಾಣಿ 155255. ಅದೂ ಆಗದಿದ್ದರೆ ಚಾಮರಾಜನಗರದ ಜಿಲ್ಲಾ ಗ್ರಾಹಕರ ಆಯೋಗ.

17. ತಾರೀಕು, ಕಾಗದ

ಪಾಲಿಸಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿ. ಒಂದು ದಿನ ತಪ್ಪಿದರೂ ಆ ದಿನ ನೀವು ವಿಮೆ ಇಲ್ಲದವರು, ಓನ್ ಡ್ಯಾಮೇಜ್ ಮತ್ತೆ ಹಾಕಿಸಲು ಗಾಡಿ ತಪಾಸಣೆ ಆಗಬೇಕು. 90 ದಿನ ದಾಟಿದರೆ ಗಳಿಸಿದ ಬೋನಸ್ಸೂ ಹೋಯಿತು.

ಏಜೆಂಟು ವಾಟ್ಸಾಪಿನಲ್ಲಿ ಕಳಿಸಿದ ಪಿಡಿಎಫ್ ಅಸಲಿಯೋ ನಕಲಿಯೋ ನೋಡಲು ಪಾಲಿಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ. ಎಂ-ಪರಿವಾಹನ್ ಆ್ಯಪಿನಲ್ಲಿ ನಿಮ್ಮ ಗಾಡಿಯ ನಂಬರಿಗೆ ವಿಮೆಯ ದಿನಾಂಕ ಬಂದಿದೆಯೇ ನೋಡಿ. ಡಿಜಿಲಾಕರಿನ ಪ್ರತಿಯನ್ನೂ ಪೊಲೀಸರು ಒಪ್ಪಬೇಕು, ನಿಯಮ ಹಾಗೇ ಇದೆ. ಆದರೆ ತಾಳಬೆಟ್ಟದ ಮೇಲೆ ಎಷ್ಟೋ ಕಡೆ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಒಂದು ಜೆರಾಕ್ಸ್ ತೆಗೆಸಿ, ಕಂಪನಿಯ ಕ್ಲೇಮ್ ಫೋನ್ ನಂಬರನ್ನು ಅದರ ಹಿಂದೆ ದಪ್ಪಕ್ಷರದಲ್ಲಿ ಬರೆದು ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಇಡಿ. ವಿಭೂತಿ ಪೊಟ್ಟಣದ ಪಕ್ಕದಲ್ಲೇ ಇರಲಿ, ಕೈಗೆ ಬೇಗ ಸಿಗುತ್ತದೆ.